ಅಕ್ಕ ಒಪ್ಪಿದ ರಾಜೀನಾಮೆ

ಇದನ್ನು ಹಿಂದೆ ಎರಡು ಸಲ ಬರೆದು ಹರಿದಿದ್ದೇನೆ. ಮೊದಲ ಸಲ ಬರೆಯುವಾಗ ವಕೀಲರ ಮನೆಯೆದುರು ಒಂದು ಬೇವಿನ ಮರ ತಾನಾಗಿ ಬಂದು ನಿಂತಿತು. ಅಲ್ಲಿ ಮರ ಇರಲಿಲ್ಲ; ಬಳ್ಳಾರಿಯ ಕೌಲ್ ಬಜಾರಿನ ಆ ಓಣಿಯಲ್ಲಿ ಮರಕ್ಕೆ ಜಾಗವೇ ಇಲ್ಲ. ಎರಡನೆಯ ಸಲ ಅಕ್ಕ ಅತ್ತಳು. ನಿಜಕ್ಕೂ ಅಕ್ಕ ಅಳಲಿಲ್ಲ, ನಕ್ಕಳು. ಬರೆಯುವುದಕ್ಕೆ ಕಷ್ಟವಾಗುವುದು ಅದೇ.

ಅಕ್ಕನನ್ನು ಸಿರುಗುಪ್ಪದಿಂದ ಕುರುಗೋಡಿಗೆ ಕೊಟ್ಟಿದ್ದರು. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಅವಳ ಜೊತೆ ಮಾತಾಡುತ್ತಿರಲಿಲ್ಲ, ಅಷ್ಟೆ. ಮದುವೆಯಾದ ಹೊಸದರಲ್ಲಿ ಯಾವುದೋ ಮಾತಿಗೆ ಮುನಿದಿದ್ದ. ಯಾವ ಮಾತು ಎಂದು ಅಕ್ಕನಿಗೂ ತಿಳಿಯದು. ಬೇಕಾದದ್ದನ್ನು ತನ್ನ ಅವ್ವನಿಗೆ ಹೇಳುವನು. ಅವ್ವ ಇಲ್ಲದಾಗ ಎಮ್ಮೆಗೆ ಹೇಳುವನು. ಎಮ್ಮೆಯ ಕಡೆ ತಿರುಗಿ ನೀರು ಕಾದಿಲ್ಲೇನು ಅಂದರೆ ಅಕ್ಕ ನೀರು ಕಾಯಿಸಬೇಕು. ದೀಪಾವಳಿಗೆ ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ತನಗೆ ಬಿಡುಗಡೆ ಬೇಕು ಎಂದಳು.

ಬಿಡುಗಡೆ ಕೊಡಿಸುವುದು ನಮ್ಮ ಕುಲದ ಹಿರಿಯರ ಕೈಯಲ್ಲಿತ್ತು. ಆದರೆ ಅದೆಲ್ಲ ಗುಡಿಯ ಕಟ್ಟೆಯ ಮೇಲೆ, ಊರೆಲ್ಲ ಕೇಳುವ ಹಾಗೆ ನಡೆಯುತ್ತಿತ್ತು. ಅಪ್ಪನಿಗೆ ಅದು ಬೇಡವಾಗಿತ್ತು. ಬಳ್ಳಾರಿಯಲ್ಲಿ ಒಬ್ಬ ವಕೀಲರು ಸಂಸಾರದ ವ್ಯಾಜ್ಯಗಳನ್ನು ಕೋರ್ಟಿಗೆ ಒಯ್ಯದೆ, ಎರಡೂ ಕಡೆಯವರನ್ನು ಕೂಡಿಸಿಕೊಂಡು ಬಗೆಹರಿಸುತ್ತಾರೆ ಎಂದು ಯಾರೋ ಹೇಳಿದರು. ಯುದ್ಧ ಮುಗಿದಿತ್ತು, ಸೀಮೆಎಣ್ಣೆ ಇನ್ನೂ ಸಲೀಸಾಗಿ ಸಿಗುತ್ತಿರಲಿಲ್ಲ. ನಾನು ಬಳ್ಳಾರಿಯಲ್ಲೇ ಟೀಚರ್ ಟ್ರೇನಿಂಗ್ ಓದುತ್ತಿದ್ದೆ. ಅಕ್ಕನ ಪಕ್ಕದಲ್ಲಿ ಕೂರಲು ಒಂದು ಹೆಣ್ಣು ಬೇಕೆಂದು ನನ್ನನ್ನು ಕರೆದರು.

ವಕೀಲರ ಮನೆಮಾತು ತೆಲುಗು. ಕನ್ನಡ ಅವರು ಕೋರ್ಟಿನಲ್ಲಿ ಕಲಿತದ್ದು. ಒಳ್ಳೆಯ ಮನುಷ್ಯ. ಎಲ್ಲರಿಗೂ ಮಜ್ಜಿಗೆ ಕೊಡಿಸಿ, ಅಕ್ಕನನ್ನೇ ಮೊದಲು ಕೇಳಿದರು.

"ಹೊಡೀತಾನೇನಮ್ಮಾ?"

"ಇಲ್ರಿ."

"ಮತ್ತೆ?"

"ಮಾತಾಡಂಗಿಲ್ರಿ."

ಗಂಡನ ಸೋದರಮಾವ ಮೀಸೆಯ ಮಜ್ಜಿಗೆ ಒರೆಸಿಕೊಂಡ. "ಮಾತಾಡದ ಗಂಡ ಸಿಗಲಿ ಅಂತ ನಮ್ಮಾಕಿ ದಿನಾ ಬೇಡ್ಕೊಂತಾಳ್ರಿ" ಅಂದ. ಎಲ್ಲರೂ ನಕ್ಕರು. ವಕೀಲರೂ ನಕ್ಕರು. ಅಪ್ಪನೂ ನಕ್ಕನೆಂದು ತೋರುತ್ತದೆ.

ಇಲ್ಲಿ ಒಂದು ಮಾತಿನ ಬಗ್ಗೆ ಹೇಳಬೇಕು. ತೆಕ್ಕಲಕೋಟೆ ಕಡೆ ನಮಗೊಂದು ಸವುಳು ಹೊಲ ಇತ್ತು. ಬಿತ್ತಿದ ಬೀಜವೂ ತಿರುಗಿ ಬರುತ್ತಿರಲಿಲ್ಲ. ಅಪ್ಪ ತಾಲೂಕು ಕಚೇರಿಗೆ ಹೋಗಿ ಅದಕ್ಕೆ ರಾಜೀನಾಮೆ ಕೊಟ್ಟು ಬಂದ. ಇನ್ನು ಈ ಹೊಲ ನನ್ನದಲ್ಲ ಎಂದು ಬಿಟ್ಟುಕೊಟ್ಟ. ಪೀಡೆ ಕಳೆಯಿತೆಂದು ಅವ್ವ ಅವತ್ತು ಹೋಳಿಗೆ ಮಾಡಿದಳು. ನಮ್ಮ ಮನೆಯಲ್ಲಿ ರಾಜೀನಾಮೆ ಎಂದರೆ ಅದೊಂದೇ. ಕೋರ್ಟಿನವರ ಬಾಯಲ್ಲಿ ಅದೇ ಮಾತಿಗೆ ರಾಜಿಯಾಗುವುದು, ಜಗಳ ಬಿಟ್ಟು ಮತ್ತೆ ಒಂದಾಗುವುದು ಎಂದು ಅರ್ಥ; ಅದು ನನಗೆ ಗೊತ್ತಾದದ್ದು ಆಮೇಲೆ.

ವಕೀಲರು ಗಂಡನನ್ನು ಒಳಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ತೆಲುಗಿನಲ್ಲಿ ಮಾತಾಡಿದರು. ಹೊರಗೆ ಬಂದು ಅಕ್ಕನ ಎದುರು ಕೂತರು.

"ನಿಮ್ಮ ಯಜಮಾನರು ಒಪ್ಪಿದಾರೆ. ನೀನು ರಾಜೀನಾಮೆಗೆ ಒಪ್ತೀಯೇನಮ್ಮಾ? ಬಲವಂತ ಇಲ್ಲ. ನಿನ್ನ ಬಾಯಿಂದಲೇ ಬರಬೇಕು."

ಅಕ್ಕ ನನ್ನ ಕೈ ಹಿಡಿದಳು. ನಕ್ಕಳು. "ಒಪ್ಪೀನ್ರಿ" ಎಂದಳು, ಪಡಸಾಲೆಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ. ವಕೀಲರು ಎರಡೂ ಕಡೆಯವರಿಗೆ ಎಲೆ ಅಡಿಕೆ ಕೊಟ್ಟರು. ಅಕ್ಕ ಸೆರಗೊಡ್ಡಿ ತೆಗೆದುಕೊಂಡಳು. ಅಲ್ಲಿಗೆ ಮುಗಿಯಿತು.

ಹೊರಗೆ ಜಟಕಾ ನಿಂತಿತ್ತು. ಗಂಡ ಬಂದು ಅಕ್ಕನ ಮುಂದೆ ನಿಂತು, "ನಡಿ, ಹೊತ್ತಾಗತೈತಿ" ಅಂದ. ಅಕ್ಕ ತಿರುಗಿ ಹಿಂದೆ ನೋಡಿದಳು, ಯಾರಿಗೆ ಹೇಳಿದ ಎಂದು. ಹಿಂದೆ ಯಾರೂ ಇರಲಿಲ್ಲ. ದಿನಾ ಅವಳೊಡನೆ ಮಾತಾಡುತ್ತೇನೆಂದು ವಕೀಲರು ಅವನಿಂದ ಮಾತು ತೆಗೆದುಕೊಂಡಿದ್ದರು. ರಾಜಿಯ ಷರತ್ತು ಅದು.

"ನಾ ಬಿಡಾಕ ಒಪ್ಪಿದ್ದಪ್ಪಾ" ಎಂದಳು ಅಕ್ಕ, ಅಪ್ಪನ ಕಡೆ ತಿರುಗಿ.

"ಒಪ್ಪೀನಿ ಅಂದಿ, ಎಲಿ ಹಿಡದಿ. ಮಂದಿ ಮುಂದ ನಾ ಏನಂತ ಹೇಳಲಿ?" ಅಂದ ಅಪ್ಪ.

ನಾನು ಒಳಗೆ ಓಡಿ ವಕೀಲರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮುಖ ಸಪ್ಪಗಾಯಿತು, ಅದು ಸುಳ್ಳಲ್ಲ. ಆದರೆ ತಮ್ಮ ಕೈಯಲ್ಲಿ ಇದುವರೆಗೆ ಒಂದು ಮನೆಯೂ ಒಡೆದಿಲ್ಲ, ಹೋಗಿ ಬಾಳಲಿ, ನೋಡೋಣ ಎಂದರು. ಒಪ್ಪಿಗೆ ಕೇಳಿದೆನಲ್ಲ ಎಂದು ಇನ್ನೊಮ್ಮೆ ಹೇಳಿದರು.

ಅಪ್ಪ ಕೋರ್ಟು ಕಂಡವನು. ಆ ಇನ್ನೊಂದು ಅರ್ಥ ಅವನಿಗೆ ಗೊತ್ತಿತ್ತೆ? ಒಂದು ನೆನಪಿನಲ್ಲಿ, ವಕೀಲರು ಆ ಮಾತು ಆಡುವಾಗ ಅಪ್ಪ ಮಜ್ಜಿಗೆ ಲೋಟದೊಳಗೆ ನೋಡುತ್ತಿದ್ದಾನೆ. ಇನ್ನೊಂದರಲ್ಲಿ ಅವನ ಮುಖವೂ ಅಕ್ಕನ ಮುಖದ ಹಾಗೆ ಅರಳಿದೆ. ಎರಡೂ ಕಣ್ಣಿಗೆ ಕಟ್ಟಿದಂತಿವೆ. ಒಂದು ನಾನೇ ಕಟ್ಟಿದ್ದು. ಯಾವುದೆಂದು ತಿಳಿಯದು, ಕೇಳೋಣವೆಂದರೆ ಅಪ್ಪ ಇಲ್ಲ.

ಕೆಲವು ವರ್ಷಗಳ ಮೇಲೆ ಮದ್ರಾಸಿನಲ್ಲಿ ಕಾಯ್ದೆ ಬಂತು; ಬಳ್ಳಾರಿ ಆಗ ಮದ್ರಾಸಿಗೇ ಸೇರಿತ್ತು. ಹೆಂಗಸರೂ ಕೋರ್ಟಿನಲ್ಲಿ ಬಿಡುಗಡೆ ಕೇಳಬಹುದಂತೆ. ಮಾತಾಡದ ಗಂಡನಿಂದ ಸಿಗುತ್ತಿತ್ತೋ ಇಲ್ಲವೋ, ನಾನಂತೂ ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ಅಕ್ಕ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಗಂಡ ಷರತ್ತು ತಪ್ಪಿರಲಿಲ್ಲ. ದಿನಾ ಬೆಳಿಗ್ಗೆ ಅವಳೆದುರು ನಿಂತು "ಮಾತಾಡೀನಿ ನೋಡು" ಅನ್ನುವನಂತೆ. ಆಮೇಲೆ ರಾತ್ರಿಯವರೆಗೆ ಎಮ್ಮೆಯೇ.

ನಾನು ಕಾಯ್ದೆಯ ವಿಷಯ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಅಲ್ಲೂ ನಿನ್ನ ಒಪ್ಪಿಗಿ ಐತೇನು ಅಂತ ಕೇಳ್ತಾರೇನು?"

"ಕೇಳ್ತಾರ."

"ಹಂಗಾರ ನಾ ಬರಂಗಿಲ್ಲ."

ಹಿತ್ತಲಿನಿಂದ ಗಂಡನ ದನಿ ಕೇಳಿಸಿತು. ತಂಗಿ ಬಂದಾಳ, ಚಾ ಇಡಬೇಕಲ್ಲ ಎಂದು ಎಮ್ಮೆಗೆ ಹೇಳುತ್ತಿದ್ದ. ಅಕ್ಕ ಕೈ ಕೊಡವಿ ಎದ್ದಳು.