ಕುಲಕರ್ಣಿಯವರ ಗಾಡಿಭಾಷೆ

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಎಷ್ಟು ವರ್ಷ ಕಾರು ಓಡಿಸಿದರೂ ದತ್ತೋಪಂತ ಕುಲಕರ್ಣಿಯವರ ಗಾಡಿ ಮಾತ್ರ ಇನ್ನೂ ಹುಬ್ಬಳ್ಳಿಯಲ್ಲೇ ಇದೆ. ಸಾಮಾನು ತುಂಬುವ ಹಿಂಬದಿಯನ್ನು ಊರೆಲ್ಲ ಬೂಟ್ ಎಂದರೆ ಇವರಿಗೆ ಅದು ಡಿಕ್ಕಿ; ಬಿಡಿ ಟೈರು ಸ್ಟೆಪ್ನಿ, ಹೊಗೆಕೊಳವೆ ಸೈಲೆನ್ಸರ್. ಗ್ಯಾರೇಜಿನ ಚೀನೀ ಮೇಸ್ತ್ರಿ ಸತ್ತ ಬ್ಯಾಟರಿ ತೋರಿಸಿ "ಬ್ಯಾಟರಿ ಕೊಂಗ್ ಲಾ, ಅಂಕಲ್" ಎಂದರೆ, ಇವರು "ಕೊಂಗ್ ಅಲ್ಲೋ, ಡೌನ್ ಆಗೇದ ಅನ್ನು" ಎಂದು ತಿದ್ದುತ್ತಾರೆ. ಅವನು ಪಂಕ್ಚರನ್ನು 'ಪಂಚಿತ್' ಎಂದರೆ ಚಹಾ ಕೆಳಗಿಟ್ಟು, ಸರಿಯಾಗಿ ಹೇಳುವ ತನಕ ಬಿಡುವುದಿಲ್ಲ. "ಈ ವಯಸ್ಸಿನಾಗ ಮಲಯ್ ನನ್ನ ತಲೀಗೆ ಹತ್ತೂದಿಲ್ಲ" ಎಂಬುದು ಅವರ ಖಾಯಂ ಮಾತು. ಅದನ್ನು ನಂಬಿದ ಹೆಂಡತಿ ಸುನಂದಾಬಾಯಿ ಅಂಗಡಿ, ಆಫೀಸು ಎಲ್ಲ ಕಡೆ ತಾವೇ ಮುಂದಾಗಿ ಮಾತಾಡುತ್ತಾ ಬಂದಿದ್ದಾರೆ. ಕಳೆದ ತಿಂಗಳು ಮೆಲಾಕಾ ಹೆದ್ದಾರಿಯಲ್ಲಿ ಇಬ್ಬರ ಕಣ್ಣೆದುರೇ ಒಂದು ವ್ಯಾನು ಮಗುಚಿ ಹೊಗೆಯಾಡತೊಡಗಿತು. ಕುಲಕರ್ಣಿಯವರು ಗಾಡಿ ನಿಲ್ಲಿಸಿ ಓಡಿದರು. ಎಂಜಿನ್ ಆರಿಸು, ಎಣ್ಣೆ ಸೋರುತ್ತಿದೆ, ಬೆಲ್ಟು ಬಿಚ್ಚು, ಹಿಂದಿನ ಬಾಗಿಲಿಗೆ ಬಾ ಎಂದು, ಒಳಗೆ ಸಿಕ್ಕಿಕೊಂಡಿದ್ದ ಚಾಲಕನಿಗೆ ಒಂದೂ ಪದ ತಡವರಿಸದೆ ಮಲಯ್‌ನಲ್ಲಿ ಕೂಗಿ ಹೇಳಿ, ತೋಳು ಹಿಡಿದು ಹೊರಗೆಳೆದರು. ಅವನು ಬದುಕಿದ. ಮರಳಿ ಬರುವಾಗ ಸುನಂದಾಬಾಯಿ ಕೇಳಿದರು: "ಹಂಗಾರ ನಿಮಗ ಎಲ್ಲಾ ಬರ್ತಿತ್ತೇನ್ರಿ?" "ಬರ್ತದ," ಎಂದರು ಅವರು, ರಸ್ತೆಯಿಂದ ಕಣ್ಣು ತೆಗೆಯದೆ. "ಏನ್ ಮಾಡೋದು, ನನ್ನ ಮಾತು ತಿಳ್ಕೊಳ್ಳೋವಷ್ಟು ಪುರಸೊತ್ತು ಅವಗ ಇರಲಿಲ್ಲ."