"ಲಲಲ ಅನ್ರಿ ಆಪಾ"

ಕಳೆದ ವರ್ಷ ಶ್ರಾವಣದ ಒಂದು ಬೆಳಿಗ್ಗೆ. ಬೊರಿವಲಿಯ ನಮ್ಮ ಆಸ್ಪತ್ರೆಯ ಇಇಜಿ ಕೋಣೆಯಲ್ಲಿ ಇದ್ದವರು ಮೂವರು: ತಲೆ ತುಂಬ ವೈರು ಅಂಟಿಸಿಕೊಂಡು ಮಲಗಿದ್ದ ಶಮೀಮ್ ಆಪಾ, ಅವರ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ಗಂಡ ರಫೀಕ್ ಭಾಯಿ, ಯಂತ್ರದ ಮುಂದೆ ಟೆಕ್ನಿಷಿಯನ್ ನಾನು.

ಆಪಾ ದಹಿಸರ್‌ನಲ್ಲಿ ಬ್ಲೌಸ್ ಹೊಲಿಯುವವರು. ಹಿಂದಿನ ವಾರ ಮಷಿನ್ ಮೇಲೆಯೇ ಕುಸಿದಿದ್ದರು. ಫಿಟ್ಸ್ ಎಂದಾದರೆ ಮೋಟಾರ್ ಮಷಿನ್ ಮುಟ್ಟುವಂತಿಲ್ಲ, ಒಬ್ಬರೇ ಲೋಕಲ್ ರೈಲು ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಇದನ್ನೆಲ್ಲ ಆಪಾ ನನಗೆ ಹಿಂದಿಯಲ್ಲೇ ಹೇಳಿ ಕಣ್ಣೊರೆಸಿಕೊಂಡಿದ್ದರು.

ಇಪ್ಪತ್ತು ನಿಮಿಷ ಮಿದುಳಿನ ಅಲೆಗಳು ದಾಖಲಾದವು. ವೈರು ಬಿಚ್ಚುವ ಮೊದಲು ನಾನು ಎಲ್ಲವನ್ನೂ ಒಮ್ಮೆ ನೋಡಿಬಿಡುತ್ತೇನೆ. ಪರದೆಯ ಒಂದು ಪುಟಕ್ಕೆ ಹತ್ತು ಸೆಕೆಂಡು. ಬಾಣದ ಕೀಲಿ ಒತ್ತಿದರೆ ಪುಟ ಸರಿಯುತ್ತದೆ. ಕಣ್ಣು ಮಿಟುಕಿಸಿದ್ದು, ಹಲ್ಲು ಕಚ್ಚಿದ್ದು, ವೈರು ಅಲುಗಿದ್ದು, ಎಲ್ಲಕ್ಕೂ ಒಂದೊಂದು ಮುಖವಿದೆ. ಮಿದುಳಿನದಲ್ಲದ ಅಂಥವಕ್ಕೆ ಗುರುತು ಹಾಕಿ ಬದಿಗಿಡಬೇಕು. ನಮ್ಮಜ್ಜಿ ಜೋಳ ಹಸನು ಮಾಡುತ್ತಿದ್ದ ಹಾಗೆಯೇ. ವಿಜಯಪುರದ ಕನ್ನಡ ನನಗೆ ಬಂದದ್ದೂ ಆ ಅಜ್ಜಿಯಿಂದಲೇ.

ನಾಲ್ಕನೇ ನಿಮಿಷದಲ್ಲಿ ಕೈ ನಿಂತಿತು. ಹಣೆಯ ವೈರುಗಳು ಬರೆದ ಗೆರೆಗಳಲ್ಲಿ ದೊಡ್ಡ, ನಿಧಾನವಾದ ಅಲೆಗಳ ಗೊಂಚಲು. ಮುಂದೆ ಹೋದೆ, ಮತ್ತೆ ಬಂತು. ಇನ್ನೂ ಮುಂದೆ, ಅಲ್ಲಿಯೂ ಇತ್ತು. ಜೊತೆಗೇ ದಾಖಲಾದ ವಿಡಿಯೊ ನೋಡಿದರೆ ಆಪಾ ಕಣ್ಣು, ಬಾಯಿ ಎರಡೂ ಮುಚ್ಚಿ ಗೊಂಬೆಯಂತೆ ಮಲಗಿದ್ದಾರೆ. ಹಾಗಾದರೆ ಇದು ಮಿದುಳಿನದೇ? ಕಾರಣ ತಿಳಿಯದೆ ತೆಗೆದುಹಾಕಿದರೂ ತಪ್ಪು, ಹಾಗೇ ಬಿಟ್ಟರೂ ತಪ್ಪು.

ಅಷ್ಟರಲ್ಲಿ ಆಪಾ ಗಂಡನಿಗೆ ಕನ್ನಡದಲ್ಲಿ ಪಿಸುಗುಟ್ಟಿದರು: "ಈ ಹುಡುಗಿ ಮಾರಿ ಯಾಕ ಸಣ್ಣ ಮಾಡ್ಯಾಳ? ಏನೋ ಐತಿ ನೋಡ್ರಿ."

ನಾನು ತಿರುಗಿದೆ. "ಇನ್ನೂ ಏನೂ ಗೊತ್ತಾಗಿಲ್ರಿ ಆಪಾ. ಬಾಯಾಗ ಏನರ ಇಟ್ಕೊಂಡೀರೇನ್ರಿ?"

"ಯಾ ಅಲ್ಲಾ, ಇಕಿಗೆ ಕನ್ನಡ ಬರ್ತೈತಿ!" ಎಂದವರೇ ಬಾಯಿ ತೆರೆದು ತೋರಿಸಿದರು. ಏನೂ ಇರಲಿಲ್ಲ. ಮುಂದಿನ ಹಲ್ಲಿನಲ್ಲಿ ಮಾತ್ರ ಒಂದು ಪುಟ್ಟ ಕಚ್ಚು.

ನಾಲಿಗೆ ಆಡಿದರೂ ಹಣೆಯ ವೈರುಗಳು ಬರೆದುಕೊಳ್ಳುತ್ತವೆ ಎಂದು ಎಂದೋ ಓದಿದ್ದು ನೆನಪಾಯಿತು. ಯಂತ್ರವನ್ನು ಮತ್ತೆ ದಾಖಲಿಸಲು ಬಿಟ್ಟೆ. "ಒಂದ್ಸಲ ಲಲಲ ಅನ್ರಿ ಆಪಾ."

"ಲಾಲಿ ಹಾಡ್ಲೇನು? ಮೊಮ್ಮಗ ಇನ್ನೂ ಹುಟ್ಟಿಲ್ಲವ್ವಾ!" ಎಂದು ನಗುತ್ತಲೇ ಅಂದರು, "ಲಲಲಲ."

ಪರದೆಯ ಮೇಲೆ ಅದೇ ಗೊಂಚಲು ಎದ್ದಿತು.

"ಆ ಹಲ್ಲಿಗೆ ಏನಾಗೇತ್ರಿ?"

"ಮೂವತ್ತ ವರ್ಷ ದಾರ ಹಲ್ಲೀಲೇ ಹರದು ಸವದೈತಿ. ಸುಮ್ನ ಇದ್ರ ಸಾಕು, ನಾಲಿಗಿ ಅಲ್ಲೇ ಹೋಗಿ ತಡವತೈತಿ."

ರಫೀಕ್ ಭಾಯಿ ಚಪ್ಪಲಿ ಕೆಳಗಿಟ್ಟರು. "ನನ್ನ ಕೇಳಿದ್ರ ನಾನ ಹೇಳ್ತಿದ್ನಲ್ರಿ. ಬಾಯಿ ಮುಚ್ಚಿದ್ರೂ ಅಕಿ ನಾಲಿಗಿ ಸುಮ್ನಿರೂದಿಲ್ಲ."

ಆ ತುಣುಕುಗಳಿಗೆಲ್ಲ 'ನಾಲಿಗೆ' ಎಂದು ಗುರುತು ಹಾಕಿ, 'ಲಲಲ' ಭಾಗವನ್ನೂ ಸೇರಿಸಿ ಕಳಿಸಿದೆ. ಉಳಿದ ಅಲೆಗಳಲ್ಲಿ ಡಾಕ್ಟರಿಗೆ ಫಿಟ್ಸ್‌ನ ಸುಳಿವು ಕಾಣಲಿಲ್ಲ. ರಕ್ತ ತೀರಾ ಕಡಿಮೆಯಾಗಿ ಆಪಾ ಕುಸಿದಿದ್ದರೆಂದು ಆಮೇಲಿನ ಪರೀಕ್ಷೆಗಳಲ್ಲಿ ತಿಳಿಯಿತು. ಈಗಲೂ ಅರ್ಥವಾಗದ ಅಲೆ ಕಂಡರೆ ನಾನು ಮೊದಲು ಹಾಸಿಗೆಯ ಕಡೆ ತಿರುಗುತ್ತೇನೆ.

ದೀಪಾವಳಿಯ ಹೊತ್ತಿಗೆ ಆಪಾ ಮಾತಾಡಿಸಲೆಂದೇ ಬಂದರು. ಕೊರಳಲ್ಲಿ ಪುಟ್ಟ ಕತ್ತರಿ ತೂಗುತ್ತಿತ್ತು. "ಇನ್ನ ಮ್ಯಾಲೆ ದಾರಕ್ಕ ಇದಽ ನೋಡವಾ" ಎಂದರು. ಹಾಗೆನ್ನುವಾಗಲೇ ನನ್ನ ಕೋಟಿನ ತೋಳಿನಿಂದ ಜೋಲುತ್ತಿದ್ದ ಎಳೆಯೊಂದು ಅವರ ಕಣ್ಣಿಗೆ ಬಿತ್ತು. ಕೈ ಹಿಡಿದೆಳೆದು, ಬಗ್ಗಿ, ಹಲ್ಲಿನಿಂದ ಪಟಕ್ಕನೆ ಹರಿದರು.