ಮರಿಗಳು ಹಾರಿಹೋದವು ಎಂದೆ

ವಿಜಯನಗರದ ನಮ್ಮ ಮನೆಯ ತಾರಸಿಗೆ ಎದುರಿನ ಹಳೇ ಮರದ ಪೊಟರೆ ನೇರ ಕಾಣುತ್ತಿತ್ತು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅಲ್ಲಿ ಪುಟ್ಟ ಗೂಬೆಗಳು ಸಂಸಾರ ಹೂಡಿದವು. ಫ್ಯಾಕ್ಟರಿಯಿಂದ ಬಂದವನೇ ಕಾಫಿ ಲೋಟ ಹಿಡಿದು ತಾರಸಿ ಹತ್ತುತ್ತಿದ್ದೆ. "ಬೇರೆ ಹಕ್ಕಿ ಸಿಗ್ಲಿಲ್ವೇನೋ ನಿಂಗೆ? ದೀಪ ಹಚ್ಚೋ ಹೊತ್ತಲ್ಲಿ ಗೂಬೆ ಮುಖ ನೋಡ್ತೀಯಲ್ಲ" ಎಂದು ಅಮ್ಮ ಗೊಣಗುತ್ತಿದ್ದಳು.

ಎರಡು ವಾರದಲ್ಲಿ ಅವುಗಳ ಊಟದ ಪದ್ಧತಿ ನನಗೆ ಬಾಯಿಪಾಠವಾಯಿತು. ಅಪ್ಪ ಗೂಬೆ ಹಲ್ಲಿಯನ್ನೋ ಜಿರಲೆಯನ್ನೋ ತಂದರೂ ಪೊಟರೆಗೆ ಹೋಗುತ್ತಿರಲಿಲ್ಲ. ಒಣಕೊಂಬೆಯ ಮೇಲೆ ಕೂತು ಕಾಯುತ್ತಿತ್ತು. ತಾಯಿ ಬಂದು ಕೊಕ್ಕಿನಿಂದ ಕೊಕ್ಕಿಗೆ ಇಸಿದುಕೊಂಡು ಹೋಗಿ ಮರಿಗಳಿಗೆ ತಿನ್ನಿಸುತ್ತಿತ್ತು. ಮೂರು ಮರಿಗಳಲ್ಲಿ ದೊಡ್ಡದು ಉಳಿದೆರಡನ್ನು ತಳ್ಳಿ ಮುಂದೆ ನಿಲ್ಲುತ್ತಿತ್ತು. ಕೊಕ್ಕಿನಿಂದ ಕೊಕ್ಕಿಗೆ ದಾಟುವ ಆ ಗಳಿಗೆಯ ಫೋಟೋ ನನಗೆ ಬೇಕಿತ್ತು. ನನ್ನ ಹಳೇ ಕ್ಯಾಮೆರಾಕ್ಕೆ ಸಂಜೆಯ ಬೆಳಕು ಸಾಲದೆ ಬರೀ ಮಸುಕು ಬರುತ್ತಿತ್ತು.

ಬಾಯಿ ತಡೆಯದೆ ಫ್ಯಾಕ್ಟರಿಯ ಗೆಳೆಯನಿಗೆ ಹೇಳಿಬಿಟ್ಟೆ. ಅವನು, ತನ್ನ ಭಾವ ದುಬೈಯಿಂದ ತಂದುಕೊಟ್ಟ ಹೊಸ ಕ್ಯಾಮೆರಾ, ಫ್ಲ್ಯಾಷು ಹೆಗಲಿಗೇರಿಸಿಕೊಂಡು ಬಂದ. ಕೂತು ಹತ್ತು ನಿಮಿಷವಾಗಿರಲಿಲ್ಲ, ಫಳಕ್ಕೆಂದು ಒಂದು ತೆಗೆದ. ವಾರದ ಮೇಲೆ ಆ ಫೋಟೋ ಕ್ಯಾಂಟೀನಿನಲ್ಲಿ ಕೈಯಿಂದ ಕೈಗೆ ಓಡಾಡಿತು: ಅಪ್ಪ, ಅಮ್ಮ, ನಡುವೆ ಹಲ್ಲಿ, ಬಾಲದ ತುದಿಯವರೆಗೂ ಸ್ಪಷ್ಟ. "ಏನ್ ತಾಳ್ಮೆ ಗುರು ನಿಂದು!" ಎಂದು ಅವನನ್ನು ಹೊಗಳಿದ ಯಾರೋ ಒಬ್ಬ. ತಾಳ್ಮೆಯಂತೆ, ತಾಳ್ಮೆ! ಎರಡು ವಾರ ಸೊಳ್ಳೆಗೆ ರಕ್ತ ಕೊಟ್ಟವನು ನಾನು. ಹೊಟ್ಟೆಕಿಚ್ಚಿಗೆ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟೆ.

"ನಾಳೆ ಸಂಜೆ ಕ್ಯಾಮೆರಾ ತಗೊಂಡು ಮನೆ ಹತ್ರ ಬರ್ತೀನಿ" ಎಂದ ಗೆಳೆಯ.

"ಬಂದೇನು ಮಾಡ್ತೀಯ? ಮರಿಗಳು ಹಾರಿಹೋದ್ವು" ಎಂದೆ. ಅಪ್ಪಟ ಸುಳ್ಳು.

ಮರುದಿನ ಹೊಸ ರೋಲು ಹಾಕುವಾಗಲೂ, ಅವನ ಸ್ಕೂಟರ್ ಎಲ್ಲಿ ಬಂದೀತೋ ಎಂದು ನನ್ನ ಕಣ್ಣು ರಸ್ತೆಯ ಮೇಲೇ ಇತ್ತು. ಅದೃಷ್ಟಕ್ಕೆ ಅಪ್ಪ ಗೂಬೆ ಬಿಸಿಲಿರುವಾಗಲೇ ಇಲಿಮರಿ ತಂದಿತು. ತಾಯಿ ಬಂದು ಇಸಿದುಕೊಂಡಿತು. ಸಿಕ್ಕಿತು ಎಂದು ಕುಣಿದುಬಿಟ್ಟೆ. ಮೂರು ಸಂಜೆ ತೆಗೆದದ್ದೇ ತೆಗೆದದ್ದು. ಮೂವತ್ತಾರು ಫೋಟೋಗೆ ಮುಗಿಯಬೇಕಾದ ರೋಲು ಮೂವತ್ತೊಂಬತ್ತಾದರೂ ಮುಗಿಯದಿದ್ದಾಗ ಕ್ಯಾಮೆರಾ ಬಿಚ್ಚಿ ನೋಡಿದೆ. ರೋಲಿನ ತುದಿ ಒಳಗಿನ ಸುರುಳಿಗೆ ಸಿಕ್ಕಿಕೊಂಡೇ ಇರಲಿಲ್ಲ. ಫಿಲ್ಮು ಒಂದಿಂಚೂ ಜರುಗಿರಲಿಲ್ಲ, ಒಂದು ಫೋಟೋವೂ ಮೂಡಿರಲಿಲ್ಲ. ನಾಲ್ಕನೆಯ ಸಂಜೆ ನೋಡಿದರೆ ಪೊಟರೆ ನಿಜಕ್ಕೂ ಖಾಲಿ.

ತಿಂಗಳಾದ ಮೇಲೆ ಗೆಳೆಯ ಆ ಫೋಟೋವನ್ನು ದೊಡ್ಡದು ಮಾಡಿಸಿ ತಂದುಕೊಟ್ಟ. "ಇಟ್ಕೋ, ಕಾದಿದ್ದು ನೀನು. ಅವತ್ತು ಬರ್ತೀನಿ ಅಂದಿದ್ದು ನಾನು ತೆಗೆಯೋಕಲ್ಲ ಕಣೋ. ಫ್ಲ್ಯಾಷ್ ಸಮೇತ ಕ್ಯಾಮೆರಾ ನಿಂಗೇ ಒಂದು ವಾರ ಬಿಟ್ಟು ಹೋಗೋಣ ಅಂತಿದ್ದೆ. ಅಷ್ಟರಲ್ಲಿ ನೀನೇ ಹಾರಿಹೋದ್ವು ಅಂದೆ."

ಅವನು ಹೋದ ಮೇಲೆ ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋಟೋ ಎತ್ತಿ ನೋಡಿದಳು. "ಅಯ್ಯೋ, ಎಷ್ಟು ಚೆನ್ನಾಗಿ ಬಂದಿದೆಯೋ! ನೀನು ತೆಗ್ದಿದ್ದಾ?"

ಹೂಂ ಎಂದುಬಿಟ್ಟೆ.